ಎರಡು ಮದರ್‌ಬೋರ್ಡು, ಹತ್ತು ಬೆರಳು

ಹೊಸ ರುಮಾಲು ಕೊಂಡರೆ ತಲೆಯ ಮೇಲೆ ಕಾಣುತ್ತದೆ. ಕಂಪ್ಯೂಟರಿನ ಡಬ್ಬಿಯೊಳಗೆ ಎಲ್ಲ ಬಿಡಿಭಾಗಗಳನ್ನೂ ಹೊತ್ತು ಕೂರುವ ಮದರ್‌ಬೋರ್ಡು ಯಾರಿಗೆ ಕಾಣಬೇಕು? ಕಾಣದ ವಸ್ತುವಿಗೆ ದುಡ್ಡು ಸುರಿದವನು ಬಾಯಿಂದಲೇ ಅದನ್ನು ತೋರಿಸಬೇಕಾಗುತ್ತದೆ. ನಾನು ಒಂದು ವಾರ ತೋರಿಸಿದೆ.

ರೋಣದ ತಹಶೀಲ್ದಾರ ಕಚೇರಿಯೆದುರು ನಾನೂ ನನ್ನ ಹೆಂಡತಿ ಶೋಭಾಳೂ ಅರ್ಜಿ ಟೈಪು ಮಾಡಿಕೊಡುವ ಅಂಗಡಿ ನಡೆಸುತ್ತೇವೆ. ಸಿಡಿಲು ಬಡಿದ ಒಂದು ಸಂಜೆ ನಮ್ಮ ಎರಡೂ ಕಂಪ್ಯೂಟರುಗಳ ಮದರ್‌ಬೋರ್ಡು ಸುಟ್ಟುಹೋದವು. ಗಜೇಂದ್ರಗಡದಲ್ಲಿ ರಿಪೇರಿ ಮಾಡುವ ರಫೀಕ್‌ರ ಬಳಿ ಹೋದೆವು. ನನ್ನ ಟೈಪಿಂಗ್ ನಿಧಾನಕ್ಕೆ ಹಳೆಯ ಯಂತ್ರವೇ ಕಾರಣ ಎಂದು ನಂಬಿ, ಮೊಬೈಲಿನಲ್ಲಿ ಎರಡು ದಿನ ಬೋರ್ಡುಗಳನ್ನು ಹೋಲಿಸುವ ವಿಡಿಯೊ ನೋಡಿ ಪಂಡಿತನಾಗಿದ್ದ ನಾನು ಬಣ್ಣದ ದೀಪ ಮಿನುಗುವ ದುಬಾರಿ ಬೋರ್ಡು ಆರಿಸಿದೆ. ಶೋಭಾ ಎಲ್ಲಕ್ಕಿಂತ ಸಾದಾ ಇರುವುದನ್ನು ತೆಗೆದುಕೊಂಡಳು.

"ಎರಡರಾಗೂ ಪ್ರೊಸೆಸರ್, ಮೆಮೊರಿ ಒಂದ ನಮೂನಿ ಅದಾವ್ರಿ. ಅರ್ಜಿ ಬರಿಯಾಕ ಯಾವ ಬೋರ್ಡ್ ಇದ್ರೂ ಫರಕ ಗೊತ್ತಾಗಂಗಿಲ್ಲ" ಎಂದರು ರಫೀಕ್. ಪಾಪ, ಅವರು ವಿಡಿಯೊ ನೋಡಿಲ್ಲ ಎಂದುಕೊಂಡೆ.

ಮುಂದಿನ ಶುಕ್ರವಾರ ಮಧ್ಯಾಹ್ನ ಸವಡಿಯಿಂದ ಬಸವ್ವ ಎಂಬ ಮುದುಕಿ ಬಂದಳು. ಆಕೆಯ ವಿಧವಾ ವೇತನ ನಿಂತುಹೋಗಿತ್ತು. "ಯಪ್ಪಾ, ಮೂರು ತಿಂಗಳಾತು, ಪಗಾರ ಬಂದಿಲ್ಲ. ಸಾಹೇಬ್ರು ಈಗ ಎದ್ದು ಹೊಂಟಾರಂತ. ನಾಳಿಂದ ಮೂರು ದಿನ ಸೂಟಿ. ಗುಳಿಗಿ ತೀರ್‍ಯಾವು, ಲಗೂ ಬರದ ಕೊಡು."

"ಚಿಂತಿ ಬ್ಯಾಡಬೇ. ನನ್ನ ಮಷೀನ ಗಾಳಿ ಇದ್ದಂಗ ಐತಿ" ಎಂದು ಕುಳಿತೆ. ಕಂಪ್ಯೂಟರು ನಿಜಕ್ಕೂ ಗಾಳಿಯಂತೆ ತೆರೆದುಕೊಂಡಿತು. ನಾನು ಒಂದೇ ಬೆರಳಿನಲ್ಲಿ 'ಶ' ಎಲ್ಲಿದೆ ಎಂದು ಹುಡುಕತೊಡಗಿದೆ. 'ಮಾನ್ಯ ತಹಶೀಲ್ದಾರರಲ್ಲಿ' ಮುಗಿಯುವಷ್ಟರಲ್ಲಿ ಹಣೆಯ ಮೇಲೆ ಬೆವರು. ಬಸವ್ವ ಎದುರಿನ ಕಚೇರಿಯ ಬಾಗಿಲಿಗೂ ನನ್ನ ಬೆರಳಿಗೂ ಕಣ್ಣು ಓಡಿಸುತ್ತಿದ್ದಳು.

ಶೋಭಾ ತನ್ನ ಯಂತ್ರದಲ್ಲಿ ಟಪಟಪ ಬಡಿದು, ಪ್ರಿಂಟ್ ತೆಗೆದು, ಹೆಬ್ಬೆಟ್ಟು ಒತ್ತಿಸಿ, ಬಸವ್ವನ ಕೈ ಹಿಡಿದುಕೊಂಡು ರಸ್ತೆ ದಾಟಿದಳು. ಜೀಪು ಹತ್ತುತ್ತಿದ್ದ ಸಾಹೇಬರು ನಿಂತು ಓದಿ ಸಹಿ ಹಾಕಿದರಂತೆ. ಮರಳಿ ಬಂದ ಬಸವ್ವ ನನ್ನನ್ನು ಕನಿಕರದಿಂದ ನೋಡಿ, "ಯಪ್ಪಾ, ನೀನೂ ಈ ಯವ್ವನ ಮಷೀನಿನಂಥಾದ್ದ ತಗೊ" ಎಂದಳು.

ಅಭಿಮಾನಕ್ಕೆ ಪೆಟ್ಟು ಬಿದ್ದಿತ್ತು. ಅದೇ ಅರ್ಜಿಯನ್ನು ನನ್ನ ಯಂತ್ರದಲ್ಲಿ ಬರೆಯಲು ಶೋಭಾಗೆ ಹೇಳಿ ಗಡಿಯಾರ ಹಿಡಿದು ನಿಂತೆ. ಆರು ನಿಮಿಷ. ಅವಳ ಯಂತ್ರದಲ್ಲೂ ಆರೇ ನಿಮಿಷ. ಆಮೇಲೆ ನಾನು ಎರಡರಲ್ಲೂ ಬರೆದೆ. ಎರಡರಲ್ಲೂ ನಲವತ್ತು.

"ನಾ ಕಲಸ್ತೀನಿ, ಕುಂಡರ್‍ರಿ. ಹತ್ತು ಬೆರಳು ಕೊಟ್ಟಾನ ದೇವ್ರು, ಒಂಬತ್ತಕ್ಕ ಯಾಕ ಸೂಟಿ?" ಎಂದಳು ಶೋಭಾ.

ಮುಂದಿನ ತಿಂಗಳು ಬಸವ್ವನ ಪಗಾರ ಬಂತು. ನನ್ನ ಆರು ಬೆರಳುಗಳು ಕೆಲಸಕ್ಕೆ ಹಾಜರಾಗಿವೆ. ನಿನ್ನೆ ಒಂದು ಪೂರ್ತಿ ಅರ್ಜಿಯನ್ನು ಹದಿನೆಂಟು ನಿಮಿಷದಲ್ಲಿ ಮುಗಿಸಿದೆ, ನಾಲ್ಕೇ ತಪ್ಪು. ಇನ್ನುಳಿದ ನಾಲ್ಕು ಬೆರಳೂ ಬಂದೇ ಬರುತ್ತವೆ ಎಂಬ ಭರವಸೆ ನನಗಿದೆ. ಅಷ್ಟರಲ್ಲಿ ಒಳ್ಳೆಯ ಕೀಬೋರ್ಡು ಯಾವುದೆಂದು ನಾಲ್ಕಾರು ವಿಡಿಯೊ ನೋಡಿಟ್ಟಿದ್ದೇನೆ. ಶೋಭಾಗೆ ಇನ್ನೂ ಹೇಳಿಲ್ಲ.