ಮೊದಲ ಸೀಟಿಗೆ ಮನೆ ಬಿಡಬೇಕು

ತಾನು ಮದುವೆಯಾಗಬೇಕೆಂದಿದ್ದವನನ್ನು ಮಗಳು ಮೊದಲ ಸಲ ಮನೆಗೆ ಕರೆತಂದ ದಿನ, ಅತ್ತೆಯಾಗಲಿದ್ದವಳು ಒದ್ದೆ ಕೈ ಒರೆಸಿಕೊಂಡು ಬಾಗಿಲಿಗೆ ಬಂದಳು. ಬಂದವನು ಕೈಮುಗಿದ. ಕೂರಲಿಲ್ಲ. ಮಾಡಿನ ತೊಲೆಯನ್ನು ಸ್ವಲ್ಪ ಹೊತ್ತು ದಿಟ್ಟಿಸಿ ಕೇಳಿದ:

"ಈ ಮನೆಗೆ ಹಿಂಬಾಗಿಲು ಇದೆಯಾ?"

ಅವಳು ಮಗಳ ಮುಖ ನೋಡಿದಳು. ಮದುವೆಗೆ ಮುಂಚೆಯೇ ಓಡಿಹೋಗುವ ದಾರಿ ನೋಡುತ್ತಿದ್ದಾನಲ್ಲ. ಮಗಳು ಕಿವಿಯಲ್ಲಿ ಉಸುರಿದಳು, "ಓಡಿಹೋಗೋದಕ್ಕೇ ಕಣಮ್ಮ. ಆದರೆ ನಮ್ಮನ್ನೂ ಕರ್ಕೊಂಡು ಓಡ್ತಾರೆ."

ಅವನು ಡ್ರೈವಿಂಗ್ ಕಲಿಸುವ ಮೇಷ್ಟ್ರು. ಕಲಿಯುವವರ ಪಕ್ಕದಲ್ಲಿ ಜೀವ ಕೈಯಲ್ಲಿ ಹಿಡಿದು ಕೂತು ಕೂತು, ಎದುರಿಗೆ ಬರುವುದೆಲ್ಲ ತನಗೆ ಗುದ್ದಲೆಂದೇ ಬರುತ್ತದೆ ಎಂಬ ನಂಬಿಕೆ ಅವನಿಗೆ ಮೈಗೂಡಿತ್ತು. ಊಟಕ್ಕೆ ಕೂತಾಗ ಯಾರಾದರೂ ಬಿಸಿ ಪಾತ್ರೆ ಹಿಡಿದು ಜೋರಾಗಿ ಬಂದರೂ ಬಲಗಾಲಲ್ಲಿ ಇಲ್ಲದ ಬ್ರೇಕು ಒತ್ತುತ್ತಿದ್ದ.

ಮದುವೆಯಾಗಿ ಇಲ್ಲೇ ನೆಲೆಸಿದ ಮೇಲೆ ಅವನ ಭಯಕ್ಕೆ ಋತುಮಾನ ಬಂತು. ಬೇಸಿಗೆಯಲ್ಲಿ ಹುಲ್ಲಿಗೆ ಬೆಂಕಿ, ಆಮೇಲೆ ಸುಂಟರಗಾಳಿ, ಆಲಿಕಲ್ಲು, ಅದಾದ ಮೇಲೆ ಕಾಲುವೆ ಒಡೆಯುವುದು. ಬಿಡುವಿದ್ದಾಗ ಭೂಕಂಪ.

"ಸುನಾಮಿ ಒಂದು ಬಿಟ್ಟುಬಿಟ್ರಿ," ಎಂದಳು ಮಗಳು. "ಸಮುದ್ರ ನಮಗೆ ಬಹಳ ದೂರ ಅಂತಾನಾ?"

"ದೂರ ಅಂತ ನಮಗೆ ಗೊತ್ತು. ಅಲೆಗೆ ಗೊತ್ತಿರಬೇಕಲ್ಲ?"

ಅತ್ತೆ ಎಲ್ಲವನ್ನೂ ಸಹಿಸಿದಳು. ಬೆಂಕಿ ಆರಿಸಲು ಒಲೆಯ ಪಕ್ಕ ಇಟ್ಟ ಮರಳಿನ ಬಕೆಟ್ಟಿನಿಂದ ಪಾತ್ರೆ ಬೆಳಗಿದಳು. ಭೂಕಂಪಕ್ಕೆಂದು ಕಪಾಟನ್ನು ಗೋಡೆಗೆ ಕಟ್ಟಿದಾಗಲೂ ಸುಮ್ಮನಿದ್ದಳು. (ಅದರ ಹಿಂದೆ ಕಸಬರಿಗೆ ಹೋಗದೆ ಜೇಡಗಳು ಮಕ್ಕಳು ಮೊಮ್ಮಕ್ಕಳೊಂದಿಗೆ ನೆಮ್ಮದಿಯಾಗಿ ಬಾಳಿದವು.) ಜಗಳ ಹತ್ತಿದ್ದು ಅವನು ಉಗ್ರಾಣಕ್ಕೆ ಕೈಹಾಕಿದಾಗ.

ಉಗ್ರಾಣಕ್ಕೆ ಕಿಟಕಿಯಿಲ್ಲ, ಗೋಡೆ ದಪ್ಪ. ಆದರೆ ಅಲ್ಲಿ ಗೋಣಿಚೀಲಗಳ ಹಿಂದೆ, ಬುಟ್ಟಿಯಲ್ಲಿ, ಅತ್ತೆಯ ಕರಿಕೋಳಿ ಕಾವಿಗೆ ಕೂತಿತ್ತು. ಅದು ಮಹಾ ಸಿಡುಕಿ. ಹಿಂದೆ ಎರಡು ಸಲ ನಡುವೆಯೇ ಎದ್ದುಹೋಗಿ ಮೊಟ್ಟೆಗಳನ್ನೆಲ್ಲ ಕೆಡಿಸಿತ್ತು. ಮುಂಗುಸಿಯ ದೆಸೆಯಿಂದ ಅಂಗಳದಲ್ಲಿ ಬೇರೆ ಕೋಳಿಯೇ ಉಳಿದಿರಲಿಲ್ಲ. ಈ ಸಲ ಮರಿಯಾದರೆ ಆಯಿತು, ಇಲ್ಲವಾದರೆ ಅಂಗಳ ಖಾಲಿ.

"ಅತ್ತೆ, ಅದನ್ನ ಬೇರೆ ಕಡೆ ಕೂರಿಸೋಣ. ಇದು ಇನ್ಮೇಲೆ ವಿಪತ್ತು ನಿರ್ವಹಣಾ ಕೇಂದ್ರ."

"ಇನ್ನೇನು ಮರಿ ಒಡೆಯೋ ಹೊತ್ತು. ಈಗ ಎಬ್ಬಿಸಿದ್ರೆ ಅದೇ ವಿಪತ್ತು."

"ಮೆಲ್ಲಗೆ ಎತ್ತಿ..."

"ನೋಡಿ ಅಳಿಯಂದ್ರೇ, ಆ ಮೊಟ್ಟೆ ತಣ್ಣಗಾದ್ರೆ ನಿಮ್ಮನ್ನೇ ಕಾವಿಗೆ ಕೂರಿಸ್ತೀನಿ."

ಕೊನೆಗೆ ರಾಜಿಯಾಯಿತು. ಹಿಂದಿನ ಅರ್ಧ ಕೋಳಿಗೆ, ಮುಂದಿನ ಅರ್ಧ ಕೇಂದ್ರಕ್ಕೆ. ಅಲ್ಲಿಗೆ ಹಗ್ಗ, ಟಾರ್ಚು, ಊದುವ ಸೀಟಿ, ಬೆಳ್ಳಿಯ ಹಾಗೆ ಮಿರಿಮಿರಿ ಮಿಂಚುವ ಒಂದು ಹೊದಿಕೆ ಬಂದವು.

"ಇದು ಮೈಶಾಖ ಹೊರಗೆ ಬಿಡೋದೇ ಇಲ್ಲ ಅತ್ತೆ. ಹಿಮದಲ್ಲೂ ಮಲಗಬಹುದು."

"ನಮ್ಮಲ್ಲಿ ಹಿಮ ಎಲ್ಲಿ ಬೀಳುತ್ತೆ?"

"ಬೀಳಲ್ಲ. ಅದಕ್ಕೇ ನಮಗೆ ಅಭ್ಯಾಸ ಇಲ್ಲ."

ಮುಂದಿನದು ಕಟ್ಟಳೆಗಳ ಪಾಠ. ಮೊದಲ ಸೀಟಿಗೆ ಮನೆ ಬಿಡಬೇಕು; ಕೊನೆಗೆ ಹೊರಡುವವರು ಎಲ್ಲ ಬಾಗಿಲಿಗೂ ಚಿಲಕ ಹಾಕಬೇಕು, ಬೆಂಕಿ ಹರಡಬಾರದಲ್ಲ. ಎರಡನೆಯದಕ್ಕೆ ಬಾವಿ ದಾಟಿ ಹೊಲಕ್ಕೆ. ಮೂರನೆಯದಕ್ಕೆ ಬೋರಲು ಮಲಗಬೇಕು. ಆಮೇಲೆ ಎಷ್ಟು ಊದಿದರೂ ಮನೆಯತ್ತ ತಿರುಗಬಾರದು, ಅವನೇ ಬಂದು ಕರೆಯಬೇಕು. ಇನ್ನೊಂದು: ರಕ್ಷಣಾ ಕೆಲಸ ಪಾಳಿಯ ಮೇಲೆ. ಒಬ್ಬರು ದಣಿದರೆ ಇನ್ನೊಬ್ಬರು ಎದುರು ಮಾತಾಡದೆ ಅದೇ ಜಾಗಕ್ಕೆ ಬರಬೇಕು.

ಈ ಕೊನೆಯದು ಅತ್ತೆಗೆ ಬಹಳ ಹಿಡಿಸಿತು. "ಇದು ನ್ಯಾಯ," ಎಂದು ಅಂದೇ ಪಾತ್ರೆ ತೊಳೆಯುವ ಕೆಲಸವನ್ನು ಅಳಿಯನ ಪಾಳಿಗೆ ಹಾಕಿದಳು. ಉಳಿದವನ್ನೂ ಒಲೆ ಊದುತ್ತ ಒಂದಕ್ಷರ ಬಿಡದೆ ಬಾಯಿಪಾಠ ಮಾಡಿದಳು.

ವಿಪತ್ತು ಹೇಳಿ ಬರುವುದಿಲ್ಲವಾದ್ದರಿಂದ ಅಳಿಯನೂ ಹೇಳಲಿಲ್ಲ. ಭಾನುವಾರ ಮಧ್ಯಾಹ್ನ ಉಗ್ರಾಣಕ್ಕೆ ನುಸುಳಿ, ಚೀಲಗಳ ಮರೆಯಲ್ಲಿ ನಿಂತು, ಎದೆ ತುಂಬ ಉಸಿರೆಳೆದು ಸೀಟಿ ಊದಿದ. ಎಲ್ಲರಿಗಿಂತ ಮೊದಲು ಮನೆ ಬಿಟ್ಟದ್ದು ಕರಿಕೋಳಿ. ಅಡಿಗೆಮನೆಯಲ್ಲಿದ್ದ ಅತ್ತೆಗೆ ಅದು ಕಾಣಲಿಲ್ಲ. ಮಗಳನ್ನು ಮುಂದೆ ಕಳಿಸಿ, ತಾನು ಕೊನೆಯವಳಾಗಿ ಒಂದೊಂದೇ ಬಾಗಿಲು ಎಳೆಯುತ್ತ ಬಂದಳು. ಉಗ್ರಾಣದ ಚಿಲಕ ಎಂದೂ ಸರಿಯಾಗಿ ಬೀಳುತ್ತಿರಲಿಲ್ಲ. ಅಂದು ಅದನ್ನು ಗುದ್ದಿ ಗುದ್ದಿ ಕೂರಿಸಿದಳು.

ಒಳಗಿನಿಂದ ಎರಡನೆಯ ಸೀಟಿ ಬಂತು. ತಾಯಿ ಮಗಳು ಬಾವಿ ದಾಟಿದರು. ಮೂರನೆಯದು ಬಂತು. ಉತ್ತ ಹೊಲದಲ್ಲಿ ಬೋರಲು ಮಲಗಿದರು. ಅಷ್ಟರಲ್ಲಿ ಮಳೆ ಶುರುವಾಯಿತು. ಸೀಟಿ ನಿಲ್ಲಲಿಲ್ಲ.

"ಅಮ್ಮ, ಯಾಕೋ ಬಹಳ ಊದ್ತಿದಾರೆ."

"ಶ್ರದ್ಧೆ ಕಣೆ. ತಲೆ ಎತ್ತಬೇಡ."

"ಏನೋ ಕೂಗೋ ಹಾಗೂ ಇದೆ."

"ಕೂಗಿಗೆ ಏನು ಮಾಡ್ಬೇಕು ಅಂತ ಹೇಳಿಲ್ಲ. ಸುಮ್ನೆ ಮಲಗು."

ಹಾಲಿನವನು ತಲೆಗೆ ಗೋಣಿ ಹೊದ್ದು ಸೈಕಲ್ ತಳ್ಳಿಕೊಂಡು ಬಂದ. ಕೆಸರಲ್ಲಿದ್ದ ಇಬ್ಬರನ್ನೂ ನೋಡಿ ನಿಂತ.

"ಏನಮ್ಮಾ, ಏನಾದ್ರೂ ಕಳಕೊಂಡ್ರಾ?"

"ಇಲ್ಲಪ್ಪ. ಸುರಕ್ಷಿತವಾಗಿದೀವಿ."

ಅವನು ಬೆಚ್ಚಗೆ ನಿಂತಿದ್ದ ಮನೆಯನ್ನೊಮ್ಮೆ, ತೊಯ್ದು ತೊಪ್ಪೆಯಾದವರನ್ನೊಮ್ಮೆ ನೋಡಿದ. "ಅಳಿಯ?"

"ಒಳಗಿದಾರೆ. ಊದ್ತಿದಾರೆ."

"ಕೋಳಿಗೂ ಕಲಿಸಿದಾರೆ ಅನ್ನಿ."

"ಯಾವ ಕೋಳಿ?"

ಬಾವಿಯ ರಾಟೆಯ ಮೇಲೆ ಕರಿಕೋಳಿ ಕೂತಿತ್ತು. ಕಟ್ಟಳೆಯ ಪ್ರಕಾರ, ಮನೆಯತ್ತ ತಿರುಗದೆ.

ಅತ್ತೆ ಎದ್ದ ರಭಸಕ್ಕೆ ಸೈಕಲ್ ಬಿತ್ತು. ಬಾಯಿಪಾಠವೆಲ್ಲ ಹೊಲದಲ್ಲೇ ಉಳಿಯಿತು. ತಾನೇ ಗುದ್ದಿ ಕೂರಿಸಿದ ಚಿಲಕ ಈಗ ಏಳಲೊಲ್ಲದು. ಸೌದೆಯಿಂದ ಬಡಿದು ಎಬ್ಬಿಸಿದಳು. ಬಾಗಿಲು ತೆರೆದರೆ, ಕತ್ತಲಲ್ಲಿ ಬೆಳ್ಳಿಯ ಗುಡ್ಡವೊಂದು ಹೊಳೆಯುತ್ತಿತ್ತು. ಗುಡ್ಡದ ತುದಿಯಲ್ಲಿ ಅಳಿಯನ ತಲೆ. ಬುಟ್ಟಿಯ ಮೇಲೆ ಕುಕ್ಕರಗಾಲಲ್ಲಿ ಕೂತು, ಕತ್ತಿನಿಂದ ನೆಲದವರೆಗೆ ಹೊದಿಕೆ ಇಳಿಬಿಟ್ಟಿದ್ದ.

"ಬಾಗಿಲು ಹಾಕಿ ಅತ್ತೆ, ತಣ್ಣನೆ ಗಾಳಿ ಬರ್ತಿದೆ."

"ಮೊಟ್ಟೆ?"

"ಬೆಚ್ಚಗಿವೆ. ಒಂದೂ ಒಡೆದಿಲ್ಲ. ಗುಡುಗಿದಾಗ ಬ್ರೇಕ್ ಒತ್ತದೆ ಇರೋದೇ ಕಷ್ಟ ಆಯ್ತು."

ಅತ್ತೆ ಬುಟ್ಟಿಯ ಪಕ್ಕ ಕೂತಳು. ಕೈ ತೂರಿಸಿ ಒಂದು ಮೊಟ್ಟೆ ಮುಟ್ಟಿ ನೋಡಿದಳು. ನಿಜವಾಗಿಯೂ ಬೆಚ್ಚಗಿತ್ತು. ಒಳಗಿನಿಂದ ಟಿಕ್ ಎಂದು ಕುಟುಕಿದ ಸದ್ದೂ ಬಂತು.

ಮಗಳು ಕೋಳಿಯನ್ನು ಹಿಡಿದು ತಂದಳು. ಅದು ತನ್ನ ಬುಟ್ಟಿಯ ಮೇಲೆ ಹೊಳೆಯುತ್ತ ಕೂತ ಪ್ರಾಣಿಯನ್ನು ಕಂಡದ್ದೇ ಕಿರುಚಿ, ಮಗಳ ಕೈ ಕುಕ್ಕಿ, ಮಾಡು ಹತ್ತಿತು. ಇನ್ನು ಅದು ಇಳಿಯುವ ಲಕ್ಷಣವಿರಲಿಲ್ಲ.

"ಪಾಪ, ನೀವೇ ಕೂತಿರಿ ಅಳಿಯಂದ್ರೇ," ಎಂದಳು ಅತ್ತೆ, ಸೀರೆ ಹಿಂಡುತ್ತ. "ನಿಮಗೆ ಅಭ್ಯಾಸ ಆಗಿದೆ. ನಾನು ಹೋಗಿ ಒಲೆ ಮುಂದೆ ಸ್ವಲ್ಪ ಮೈ ಕಾಯಿಸ್ಕೋತೀನಿ."

ಅವಳು ಹೊಸಿಲಿಗೆ ಕಾಲಿಡುವಷ್ಟರಲ್ಲಿ ಹಿಂದಿನಿಂದ ಮಂಡಿ ಲಟಕ್ಕೆಂದ ಸದ್ದಾಯಿತು. ಅಳಿಯ ಹೊದಿಕೆಯ ಒಂದು ಅಂಚನ್ನು ಮರ್ಯಾದೆಯಿಂದ ಎತ್ತಿ ಹಿಡಿದಿದ್ದ.

"ಅತ್ತೆ, ಮುಂದಿನ ಪಾಳಿ ನಿಮ್ದೇ ಅಲ್ವಾ?"