ಇಲಿಗಳು ಪಾಸು, ನಾನು ನಪಾಸು

ಇಲಿಗಳ ಸಹವಾಸ ಮಾಡಿದವನಿಗೆ ಫಜೀತಿಗಳಿಗೆ ಬರವೇ? ಎಂಬತ್ತರ ದಶಕದಲ್ಲಿ ಹುಮನಾಬಾದಿನ ಒಂದು ಪುಟ್ಟ ಪ್ರಯೋಗಾಲಯದಲ್ಲಿ ಪದವಿಗಾಗಿ ಒದ್ದಾಡುತ್ತಿದ್ದೆ. ಬಿಳಿ ಇಲಿಗಳಿಗೆಲ್ಲ ಲಿವರ್ ಕೆಡಿಸುವ ರಾಸಾಯನಿಕ ಕೊಡುವುದು, ಅರ್ಧ ಇಲಿಗಳಿಗೆ ಮಾತ್ರ ಗಿಡದ ಔಷಧ ಕುಡಿಸುವುದು, ಯಾವುದರ ಲಿವರ್ ಉಳಿಯಿತು ಎಂದು ಹೋಲಿಸಿ ನೋಡುವುದು, ಇಷ್ಟೇ ಕೆಲಸ. ಆ ವರ್ಷವೇ ಮುಗಿಸಿದರೆ ಪದವಿ, ದೊಡ್ಡ ಊರಿನ ನೌಕರಿ. ತಪ್ಪಿದರೆ ಮತ್ತೊಂದು ವರ್ಷ ಇಲಿಗಳೇ ಗತಿ. ಈಗ ದೊಡ್ಡ ಊರಿನ ದೊಡ್ಡ ಲ್ಯಾಬಿನಲ್ಲಿದ್ದೇನೆ. ಮನಸ್ಸು ಮಾತ್ರ ಇನ್ನೂ ಆ ಇಲಿಗೂಡಿನ ವಾಸನೆಗೆ ಹಂಬಲಿಸುತ್ತದೆ.

ಹೆಸರಿಲ್ಲದ ಗಿಡ

ಬಸವಕಲ್ಯಾಣದಲ್ಲಿ ಕಾಮಣಿಗೆ ಔಷಧ ಕೊಡುವ ಒಬ್ಬ ಮುದುಕಿ ಇದ್ದಳು, ಎಲ್ಲರ ಬಾಯಲ್ಲೂ 'ಆಯಿ'. ಕಣ್ಣು ಹಳದಿಯಾಗಿ ಬಂದವರಿಗೆ ಮಜ್ಜಿಗೆಯಲ್ಲಿ ಯಾವುದೋ ಸೊಪ್ಪು ಅರೆದು ಕುಡಿಸುವಳು. ದುಡ್ಡು ಮುಟ್ಟುತ್ತಿರಲಿಲ್ಲ, ಗಿಡದ ಹೆಸರೂ ಹೇಳುತ್ತಿರಲಿಲ್ಲ. ಕೇಳಿದರೆ, "ಹೆಸರ ಹೇಳಿದ್ರ ಗುಣ ಹೋಗತದ್ರಿ" ಎನ್ನುವಳು.

ನನ್ನ ಪ್ರಯೋಗಕ್ಕೆ ಆ ಗಿಡವೇ ಬೇಕೆಂದು ಪ್ರತಿ ರವಿವಾರ ಬಸ್ಸು ಹತ್ತಿ ಹೋಗಿ, ಅವಳ ಕೈಯ ಚಹಾ ಕುಡಿದು, ಬರಿಗೈಲಿ ವಾಪಸಾಗುತ್ತಿದ್ದೆ. ನಿರ್ಣಾ, ಕೊಡಂಬಲದ ಹೊಲಗಳಲ್ಲೆಲ್ಲ ಹುಡುಕಿ ಚಪ್ಪಲಿ ಸವೆಸಿದೆ. ಕೊನೆಗೊಮ್ಮೆ ಅವಳ ಅಂಗಳದಲ್ಲಿ ನಿಂತು, "ಆಯಿ, ಹೆಸರು ಬ್ಯಾಡ, ಗಿಡಾನರ ತೋರಸ್ರಿ" ಎಂದು ಕೈಮುಗಿದೆ.

"ಕಾಲ ತೆಗೀರಿ ಸರ," ಎಂದಳು. "ಅದರ ಮ್ಯಾಲೇ ನಿಂತೀರಿ."

ದರ್ಜಿಯ ಆನಂದ

ಅದು ನೆಲನೆಲ್ಲಿ. ಒಣಗಿಸಿ, ಸ್ಪಿರಿಟ್ಟಿನಲ್ಲಿ ನೆನೆಹಾಕಿ ಸಾರ ತೆಗೆಯುತ್ತಿದ್ದೆ. ಆ ವಾಸನೆ ಓಣಿಯ ಕುಡುಕ ದರ್ಜಿಯ ಮೂಗಿಗೆ ಮುಟ್ಟಿತು.

"ಏನ್ ಮಾಡಾಕತ್ತೀರಿ ಸಾಬ್?" ಎಂದು ಕಿಟಕಿಯಲ್ಲಿ ಇಣುಕಿದ. ಲಿವರ್ ಉಳಿಸುವ ಔಷಧ, ಸ್ಪಿರಿಟ್ಟಿನಲ್ಲಿ ನೆನೆಸಿದ್ದೇನೆ ಎಂದೆ.

ಅವನ ಮುಖ ಅರಳಿತು. "ಕೆಡಸೋದೂ ಅದರಾಗ, ಉಳಸೋದೂ ಅದರಾಗ! ಇಷ್ಟ ದಿನಾ ಎಲ್ಲಿದ್ರಿ ಸಾಬ್?"

ಆಯಿಯ ಕಾವಲು

ಪ್ರಯೋಗದ ಕೊನೆಯ ವಾರ ತನ್ನ ಗಿಡದ ಪರೀಕ್ಷೆ ನೋಡಲೆಂದು ಆಯಿ ಹುಮನಾಬಾದಿಗೆ ಬಂದು ಮಗಳ ಮನೆಯಲ್ಲಿ ಉಳಿದಳು. ದಿನವೂ ಬಂದು ಇಲಿಗಳ ಮುಂದೆ ಕೂರುವಳು. ನಾನು ಊಟಕ್ಕೆ ಹೋದಾಗ ಅವಳದೇ ಕಾವಲು.

ವಾರ ಕಳೆದು ರಕ್ತ ಪರೀಕ್ಷಿಸಿದರೆ ಎಲ್ಲ ಇಲಿಗಳೂ ಗಟ್ಟಿಮುಟ್ಟು! ಔಷಧ ಕೊಡದೆ ಬಿಟ್ಟವೂ ಚಿಗರಿಮರಿಗಳ ಹಾಗೆ ಜಿಗಿಯುತ್ತಿವೆ. ನಮ್ಮ ಗೈಡ್ ಕನ್ನಡಕ ತೆಗೆದು, "ಹೋಲಿಸಿ ನೋಡೋಕೆ ಒಂದಾದರೂ ರೋಗದ ಇಲಿ ಬೇಕಲ್ಲಯ್ಯ!" ಎಂದರು.

ಆಯಿಯನ್ನು ಕೇಳಿದೆ.

"ಆ ಕಡೀ ಇಲಿಗಳಿಗೆ ನೀವು ಔಷಧಾನೇ ಹಾಕಲಿಲ್ಲ. ಪಾಪ, ಮಾರಿ ಬಾಡಿತ್ತು. ಬ್ಯಾನಿ ಬಂದವರಿಗೆ ಇಲ್ಲ ಅನಬಾರದ್ರಿ. ನಾನೇ ಮಜ್ಜಿಗ್ಯಾಗ ಅರದು ಕುಡಿಸೀನಿ."

"ನನ್ನ ಒಂದ ವರ್ಷ ಹೋತಲ್ಲ ಆಯಿ!" ಎಂದು ಚೀರಿದೆ.

ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡು, ಮೊದಲ ಸಲ 'ಸರ', 'ನೀವು' ಬಿಟ್ಟು ಮಾತಾಡಿದಳು: "ಹೋದ್ರ ಹೋಗ್ಲಿ ತಮ್ಮಾ. ನನಗ ಇನ್ನೊಂದ ವರ್ಷ ನಿನ್ನ ಮಾರಿ ನೋಡಾಕ ಸಿಗತದ."

ಬೈಯಲೆಂದು ತೆರೆದ ಬಾಯಿ ನಕ್ಕುಬಿಟ್ಟಿತು. ಮರುವರ್ಷ ನಾನೂ ಪಾಸಾದೆ, ನೌಕರಿಯೂ ಸಿಕ್ಕಿತು. ಆ ಇನ್ನೊಂದು ವರ್ಷವೂ ಮುಗಿದುಹೋಯಿತಲ್ಲ ಎಂಬುದೇ ಈಗ ನನ್ನ ಸಂಕಟ.