ನಾನೂರ ಹನ್ನೆರಡು ಮನೆಗಳ ಸ್ಥಳಾಂತರ

ಪುತ್ತೂರಿನ ದರ್ಬೆಯ ಪ್ರೇಮನಾಥನ ಕಂಪ್ಯೂಟರ್ ಅಂಗಡಿಯಲ್ಲಿ, ಏಳೆಂಟು ಗಿರಾಕಿಗಳ ಕಣ್ಣೆದುರು, ನನ್ನ ಹಳೆ ಕಂಪ್ಯೂಟರಿನ ಮುಚ್ಚಳ ಬಿಚ್ಚಿದಾಗ ಮೊದಲು ಹೊರಗೆ ಬಂದದ್ದು ಒಂದು ಹಲ್ಲಿ. ಅದು ಮೇಜಿನ ಮೇಲೆ ನಿಂತು ಸಭೆಯನ್ನು ಒಮ್ಮೆ ನೋಡಿತು. ಅದರ ಹಿಂದೆಯೇ ಎರಡು ಮೊಟ್ಟೆಗಳು ಉರುಳಿ ಬಂದವು. ಆಮೇಲೆ ಇರುವೆಗಳು, ಸಾಲಾಗಿ, ಗಂಟುಮೂಟೆ ಸಮೇತ!

“ಪ್ರಸಾದಣ್ಣ, ನಿಮ್ಮ ಕಂಪ್ಯೂಟರಿನಲ್ಲಿ ಒಕ್ಕಲು ಕೂತಿದ್ದಾರಲ್ಲ ಮಾರಾಯ್ರೆ!” ಎಂದ ಪ್ರೇಮನಾಥ. “ಇವರನ್ನು ಎಬ್ಬಿಸ್ಲಿಕ್ಕೆ ಕೋರ್ಟಿಗೇ ಹೋಗ್ಬೇಕಷ್ಟೆ.”

ಅಂಗಡಿಗೆ ಅಂಗಡಿಯೇ ನಕ್ಕಿತು. ಹೆಲ್ಮೆಟ್ ಹಾಕಿಕೊಂಡೇ ನಿಂತಿದ್ದ ಒಬ್ಬ, ಅದನ್ನು ತೆಗೆದಿಟ್ಟು ನಕ್ಕ.

“ಹದಿನೇಳು ವರ್ಷ ದುಡಿದಿದೆ. ಇನ್ನು ಇದರ ಆಸೆ ಬಿಡಿ. ಹೊಸದು ತಗೊಳ್ಳಿ. ಇದರೊಳಗೆ ಇದ್ದದ್ದನ್ನೆಲ್ಲ ನಾನೇ ಹೊಸದಕ್ಕೆ ಹಾಕಿ ಕೊಡ್ತೇನೆ. ಎರಡು ದಿನ ಬಿಟ್ಟು ಬನ್ನಿ” ಎಂದ ಪ್ರೇಮನಾಥ.

ಆ ನಗು ಇಲ್ಲದಿದ್ದರೆ ನಾನು ಒಪ್ಪುತ್ತಿದ್ದೆನೋ ಏನೋ. ಆದರೆ ಹಲ್ಲಿಯ ಎದುರು ಮಾನ ಹೋದವನಿಗೆ ಎರಡು ದಿನ ಕಾಯುವ ತಾಳ್ಮೆ ಎಲ್ಲಿಂದ ಬರಬೇಕು?

“ಪ್ರೇಮನಾಥಾ, ಕಾಲೇಜಿನ ಆಫೀಸಿನಲ್ಲಿ ಇಪ್ಪತ್ತಾರು ವರ್ಷದಿಂದ ಕಂಪ್ಯೂಟರಿನ ಎದುರು ಕೂತವನು ನಾನು! ಹಳೆಯದರಿಂದ ಹೊಸದಕ್ಕೆ ಹಾಕುದೆಂದರೆ ಎಂತ? ಉಪ್ಪಿನಕಾಯಿಯನ್ನು ಭರಣಿಯಿಂದ ಬಾಟ್ಲಿಗೆ ಹಾಕಿದ ಹಾಗೆ. ನಾನೇ ಮಾಡ್ತೇನೆ!”

“ಮಾಡಿ. ಆದ್ರೆ ಭರಣಿಯಲ್ಲಿ ಹಲ್ಲಿ ಇತ್ತು, ಮರೀಬೇಡಿ” ಎಂದ.

ಒಂದು ಕೈಯಲ್ಲಿ ಹೊಸದು, ಇನ್ನೊಂದರಲ್ಲಿ ಒಕ್ಕಲೆಬ್ಬಿಸಿದ ಹಳೆಯದು ಹಿಡಿದು ದಿಗ್ವಿಜಯದಿಂದ ಮರಳಿದ ಅರಸನಂತೆ ಮನೆಗೆ ಬಂದೆ. ಬಾಗಿಲಲ್ಲೇ ನಿಂತಿದ್ದ ಹೆಂಡತಿ ವಸುಮತಿ ಹೊಸದರ ಕಡೆಗೆ ಕಣ್ಣೆತ್ತಿಯೂ ನೋಡಲಿಲ್ಲ.

“ಆ ಹಳೆಯದರಲ್ಲಿ ನನ್ನ ಹೇಳಿಕೆ ಪಟ್ಟಿ ಉಂಟು. ನೀವು ಮುಟ್ಟುದು ಬೇಡ. ಪ್ರೇಮನಾಥನ ಹತ್ರವೇ ಮಾಡಿಸುವ.”

ಹೇಳಿಕೆ ಪಟ್ಟಿ ಎಂದರೆ ಏನೆಂದು ಪರವೂರಿನವರಿಗೆ ತಿಳಿಸಿಬಿಡುತ್ತೇನೆ. ನಮ್ಮ ಮಗಳು ದೀಪಶ್ರೀಯ ಮದುವೆಗೆ ಇನ್ನು ಒಂದು ತಿಂಗಳು. ನಮ್ಮಲ್ಲಿ ಮದುವೆಯ ಕಾಗದ ಅಂಚೆಗೆ ಹಾಕಿದರೆ ಕರೆದಂತಾಗುವುದಿಲ್ಲ. ಮನೆಗೆ ಹೋಗಬೇಕು, ಕೂರಬೇಕು, ಕೊಟ್ಟ ಬೆಲ್ಲ ತಿಂದು ನೀರು ಕುಡಿಯಬೇಕು, “ಎಲ್ಲರೂ ಮುನ್ನಾದಿನವೇ ಬಂದು ಕೆಲಸಕಾರ್ಯ ಸುಧಾರಿಸಿ ಕೊಡಬೇಕು” ಎಂದು ಬಾಯಿಬಿಟ್ಟು ಹೇಳಬೇಕು. ಅದು ಹೇಳಿಕೆ. ಒಂದು ಮನೆ ಬಿಟ್ಟುಹೋಯಿತೋ, ಆ ಮನೆಯವರು ನಮ್ಮ ಮೊಮ್ಮಕ್ಕಳ ಮದುವೆಗೂ ಬರುವುದಿಲ್ಲ!

ವಸುಮತಿ ಹದಿನೇಳು ವರ್ಷ ಕೂತು ಈ ಪಟ್ಟಿಯನ್ನು ಬೆಳೆಸಿದ್ದಳು. ಪುತ್ತೂರಿನಿಂದ ಸವಣೂರು, ಕಡಬ, ಸುಳ್ಯ, ಕೊನೆಗೆ ಅರಂತೋಡು. ದಾರಿಯ ಅನುಕ್ರಮದಲ್ಲೇ ನಾನೂರ ಹನ್ನೆರಡು ಮನೆ. ಪ್ರತಿ ಹೆಸರಿನ ಎದುರು ಒಂದು ಷರಾ. ‘ಮನೆ’ ಎಂದಿದ್ದರೆ ಮನೆಗೇ ಹೋಗಿ ಹೇಳುವವರು. ‘ಫೋನ್’ ಎಂದಿದ್ದರೆ ಫೋನಿನಲ್ಲಿ ಹೇಳಿದರೆ ಸಾಕಾಗುವವರು. ಮೂರನೆಯದು ‘ಸಿಕ್ಕಿದರೆ’. ಅಂದರೆ, ದಾರಿಯಲ್ಲಿ ಎದುರು ಸಿಕ್ಕಿದರೆ ಹೇಳುವುದು, ಸಿಗದಿದ್ದರೆ ಅವರ ಅದೃಷ್ಟ. ಇಂಥದೊಂದು ಮೂರನೇ ವರ್ಗ ಇರುವುದು ಗಂಡ ಹೆಂಡತಿ ನಮ್ಮಿಬ್ಬರನ್ನು ಬಿಟ್ಟು ಲೋಕಕ್ಕೆ ಗೊತ್ತಿಲ್ಲ. ಗೊತ್ತಾಗಲೂ ಬಾರದು.

“ಭಾನುವಾರ ಹೇಳಿಕೆಗೆ ಹೊರಡುದು. ಪಟ್ಟಿ ಹೋದ್ರೆ ನನ್ನ ಮರ್ಯಾದೆ ಹೋಯ್ತು” ಎಂದಳು ವಸುಮತಿ. “ಕಡೇಪಕ್ಷ ಮೊದಲು ಒಂದು ಪ್ರಿಂಟ್ ತೆಗೆದಿಡಿ.”

“ಪ್ರಿಂಟಾ! ವಿಮಾನ ಹತ್ತುವವನ ಕೈಗೆ ಊರುಗೋಲು ಕೊಡ್ತೀಯಲ್ಲ! ಯಾವ ಕಾಲದಲ್ಲಿದ್ದಿ ನೀನು?”

ಮರುದಿನ ಅವಳು ರವಕೆಯ ಅಳತೆ ಕೊಡಲು ಪೇಟೆಗೆ ಹೋದಳು. ನಾನು ಆಫೀಸಿಗೆ ರಜೆ ಹಾಕಿ ಪೆನ್‌ಡ್ರೈವ್ ಕೈಗೆತ್ತಿಕೊಂಡೆ. ಫೈಲುಗಳೆಲ್ಲ ಬಂದವು. ಫೋಟೋಗಳು ಬಂದವು. ಇನ್ನು ತಂತ್ರಾಂಶಗಳು. ಕನ್ನಡ ಬರೆಯುವ ಹಳೆಯ ತಂತ್ರಾಂಶವೂ ಸೇರಿ ಪರದೆಯ ಮೇಲೆ ಹತ್ತೊಂಬತ್ತು ಪುಟ್ಟ ಪುಟ್ಟ ಚಿತ್ರಗಳು. ಅವನ್ನು ಒಟ್ಟಿಗೆ ಗುಡಿಸಿ ಪೆನ್‌ಡ್ರೈವಿಗೆ ಹಾಕಿದೆ. ಎರಡೇ ಸೆಕೆಂಡು! ಪ್ರೇಮನಾಥ ಎರಡು ದಿನ ಕೇಳಿದ್ದ ಕೆಲಸ!

ಆ ಎರಡು ಸೆಕೆಂಡಿನಲ್ಲೇ ನನಗೆ ಸಂಶಯ ಬರಬೇಕಿತ್ತು. ಬಂದದ್ದು ಅಹಂಕಾರ.

ಹಳೆಯದರೊಳಗೆ ಇದ್ದದ್ದನ್ನೆಲ್ಲ ಯಾರ ಕೈಗೂ ಸಿಗದ ಹಾಗೆ ತೊಳೆದು ಅಳಿಸಿದೆ. ಅದೇ ಹೊತ್ತಿಗೆ ರಸ್ತೆಯಲ್ಲಿ ಗುಜರಿಯವನ ಆಟೋ ಕೂಗುತ್ತ ಬಂತು. ಕಂಪ್ಯೂಟರನ್ನು ಅದಕ್ಕೆ ಏರಿಸಿ ಬದಲಿಗೆ ಒಂದು ನೀಲಿ ಬಕೆಟ್ ಪಡೆದುಕೊಂಡೆ. ಕೈ ತೊಳೆದು ಬಂದು ಹೊಸದರಲ್ಲಿ ಹೇಳಿಕೆ ಪಟ್ಟಿ ತೆರೆದೆ.

ತಲೆಯ ಮೇಲೆ ಚುಕ್ಕಿ ಹೊತ್ತ ಅಕ್ಷರ, ಬಾಲ ಬಿಟ್ಟ ಅಕ್ಷರ, ಕೊಕ್ಕೆ, ಸೊನ್ನೆ, ಅರ್ಧ, ಕಾಲು! ಕಡಬದ ದೇವಕಿ ಚಿಕ್ಕಮ್ಮ zÉÃªÀQ ಆಗಿದ್ದರು. ಹಳೆಯ ತಂತ್ರಾಂಶ ಇದ್ದರೆ ಮಾತ್ರ ಅದು ಕನ್ನಡವಾಗಿ ಕಾಣುವುದು. ಅದನ್ನು ತಂದಿದ್ದೇನಲ್ಲ ಎಂದು ಚಿತ್ರವನ್ನು ಒತ್ತಿದೆ. ಏನೂ ಆಗಲಿಲ್ಲ. ಹತ್ತೊಂಬತ್ತನ್ನೂ ಒತ್ತಿದೆ. ಆಗ ತಿಳಿಯಿತು: ಆ ಚಿತ್ರಗಳು ಬರೀ ಬಾಗಿಲ ಬೋರ್ಡುಗಳು. ನಾನು ಬೋರ್ಡು ಕಿತ್ತು ತಂದಿದ್ದೆ, ಮನೆಯನ್ನು ಗುಜರಿಗೆ ಹಾಕಿದ್ದೆ!

ವಸುಮತಿ ಬಂದವಳು ಪರದೆಯನ್ನು ನೋಡಿದಳು.

“ಇದು ಎಂತದು?”

“ಪಟ್ಟಿ. ಸ್ವಲ್ಪ ವೇಷ ಹಾಕಿಕೊಂಡಿದೆ.”

“ಹಳೇ ಕಂಪ್ಯೂಟರ್ ಎಲ್ಲಿ?”

ನಾನು ಬಕೆಟ್ ತೋರಿಸಿದೆ. ಅವಳು ಬಗ್ಗಿ ಬಕೆಟ್ಟಿನೊಳಗೆ ನೋಡಿದಳು.

“ಇದರಲ್ಲಿ ಕಾಣುದಿಲ್ಲವಲ್ಲ ನನ್ನ ಪಟ್ಟಿ” ಎಂದು ಒಳಗೆ ಹೋದಳು. ಅಡುಗೆಮನೆಯಲ್ಲಿ ಪಾತ್ರೆಗಳು ಮಾತಾಡಲು ಶುರು ಮಾಡಿದವು.

ಪ್ರೇಮನಾಥನ ಬಳಿಗೆ ಓಡಬಹುದಿತ್ತು. ಆದರೆ ಆ ಹಲ್ಲಿ ಇನ್ನೂ ಅಲ್ಲೇ ಇರಬಹುದು. ಯಾವ ಮುಖ ಹೊತ್ತು ಹೋಗಲಿ? ಸೋಲುವ ಜಾಯಮಾನ ನನ್ನದಲ್ಲ! ‘ನಮ್ಮ ಬಳಗ’ ಎಂಬ ವಾಟ್ಸಾಪ್ ಗುಂಪಿನಲ್ಲಿ ನೆಂಟರು, ಸ್ನೇಹಿತರು ಸೇರಿ ನೂರ ಹನ್ನೆರಡು ಮಂದಿ ಇದ್ದಾರೆ. ಯಾರಿಗೂ ಓದಲಾಗದ ಆ ಪಟ್ಟಿಯನ್ನೇ ಅಲ್ಲಿ ಹಾಕಿ, “ಇದನ್ನು ಕನ್ನಡ ಮಾಡುವ ಹಳೆಯ ತಂತ್ರಾಂಶ ಯಾರಲ್ಲಿ ಉಂಟು?” ಎಂದು ಕೇಳಿದೆ.

ತಂತ್ರಾಂಶ ಬರಲಿಲ್ಲ. ನಗು ಬಂತು. “ಮದುವೆ ಕಾಗದವಾ ಇದು? ಮದುಮಗ ಯಾವ ದೇಶದವ?” ಎಂದರು ದೇವಕಿ ಚಿಕ್ಕಮ್ಮ. ಅರಂತೋಡಿನ ಜಯಪ್ರಕಾಶ್, ಮೊದಲು ನನ್ನ ಪಕ್ಕದ ಮೇಜಿನಲ್ಲೇ ಕೆಲಸ ಮಾಡಿ ನಿವೃತ್ತರಾದವರು, “ಪ್ರಸಾದ್ರೇ, ನೀವು ಆಫೀಸಿನಲ್ಲಿ ಬರೀತಿದ್ದದ್ದೂ ನಮಗೆ ಹೀಗೇ ಕಾಣ್ತಿತ್ತು!” ಎಂದರು. ಅದಕ್ಕೆ ನಲವತ್ತೊಂದು ಮಂದಿ ಕಣ್ಣೀರು ಸುರಿಸಿ ನಗುವ ಮುಖ ಒತ್ತಿದರು. ನಾನು ಎಣಿಸಿದ್ದೇನೆ.

ಗುರುವಾರ ಮಧ್ಯಾಹ್ನ ಕಾಪಾಡಿದವನು ಅಕ್ಕನ ಮಗ ಮುರಳಿಕೃಷ್ಣ. ಸವಣೂರಿನಲ್ಲಿ ಅವನದು ಜೆರಾಕ್ಸ್ ಅಂಗಡಿ. ಹಳೆಯ ತಂತ್ರಾಂಶ ಅಲ್ಲಿ ಇನ್ನೂ ಜೀವಂತ. ಅಚ್ಚಗನ್ನಡದಲ್ಲಿ ಇಡೀ ಪಟ್ಟಿಯನ್ನು ನನ್ನೊಬ್ಬನಿಗೇ ಕಳಿಸಿ ಬರೆದಿದ್ದ: “ಮಾವ, ಆಯ್ತು. ಷರಾ ಎಲ್ಲ ಹಾಗೇ ಉಂಟು. ಜಾಗ್ರತೆ.”

ನಾನು ‘ಆಯ್ತು’ ಎಂಬಲ್ಲಿಯವರೆಗೆ ಓದಿದೆ. ಆ ನಲವತ್ತೊಂದು ಮುಖಗಳು ಕಣ್ಣೆದುರು ಕುಣಿದವು. ಪಟ್ಟಿಯನ್ನು ಹಾಗೆಯೇ ಎತ್ತಿ ಗುಂಪಿಗೆ ಎಸೆದೆ! “ನಕ್ಕವರೆಲ್ಲ ಓದಿಕೊಳ್ಳಿ! ಒಂದು ಹೆಸರೂ ತಪ್ಪಿಲ್ಲ, ಒಂದು ಅಕ್ಷರವೂ ಮಾಸಿಲ್ಲ!”

ಎಲ್ಲರೂ ಓದಿಕೊಂಡರು. ಯಾರೂ ನಗಲಿಲ್ಲ. ಒಂದು ನಿಮಿಷ. ಎರಡು ನಿಮಿಷ. ಬೆಳಗಿನ ಶುಭೋದಯದಿಂದ ಹಿಡಿದು ಬಿಡುವಿಲ್ಲದೆ ಗಲಗಲ ಎನ್ನುತ್ತಿದ್ದ ಗುಂಪು ಪರೀಕ್ಷೆಯ ಕೋಣೆಯಂತಾಯಿತು. ಆಗ ಮುರಳಿಯ ಸಂದೇಶದ ಉಳಿದ ಭಾಗ ಓದಿದೆ.

ಬೆವರುವ ಬೆರಳಿನಿಂದ ಅಳಿಸಲು ಹೋದೆ. ‘ಎಲ್ಲರಿಗೂ ಅಳಿಸು’ ಎಂಬುದರ ಕೆಳಗೆ ‘ನನಗೆ ಮಾತ್ರ ಅಳಿಸು’ ಎಂದೂ ಇರುತ್ತದೆ. ಬೆರಳು ಹೋದದ್ದು ಕೆಳಗಿನದಕ್ಕೆ. ಈಗ ಆ ಪಟ್ಟಿ ಗುಂಪಿನ ನೂರ ಹನ್ನೊಂದು ಮಂದಿಯ ಕಣ್ಣೆದುರು ಇತ್ತು, ನನಗೊಬ್ಬನಿಗೆ ಕಾಣುತ್ತಿರಲಿಲ್ಲ!

ಮೊದಲು ರಿಂಗಾದದ್ದು ವಸುಮತಿಯ ಫೋನು.

“ವಸು, ನಾನು ಕಡಬದಿಂದ ದೇವಕಿ ಚಿಕ್ಕಮ್ಮ. ನನ್ನ ಹೆಸರಿನ ಎದುರು ‘ಫೋನ್’ ಅಂತ ಉಂಟಲ್ಲ. ಇಗೋ, ನಾನೇ ಮಾಡಿದ್ದೇನೆ. ಹೇಳು ನೋಡುವ.”

ಶುಕ್ರವಾರ ಬೆಳಿಗ್ಗೆ ಹಾಲು ತರಲು ಹೊರಟರೆ ದರ್ಬೆಯ ರಸ್ತೆಯ ನಡುವೆ ಜಯಪ್ರಕಾಶ್! ಅರಂತೋಡಿನಿಂದ ಮೊದಲ ಬಸ್ಸು ಹಿಡಿದು ಬಂದಿದ್ದರು. ಹಿಂದಿನಿಂದ ರಿಕ್ಷಾದವನು ಹಾರ್ನ್ ಹೊಡೆಯುತ್ತಿದ್ದರೂ ಕದಲಲಿಲ್ಲ.

“ನಮಸ್ಕಾರ ಪ್ರಸಾದ್ರೇ. ದಾರಿ ಅಂದ್ರೆ ಇದೇ ಅಲ್ವಾ? ಸಿಕ್ಕಿದ್ದೇನೆ. ಇನ್ನು ಹೇಳಿ!”

ನಾನು ಹಾಲಿನ ಪಾತ್ರೆ ಹಿಡಿದೇ ನಡುರಸ್ತೆಯಲ್ಲಿ ಮಗಳ ಮದುವೆಗೆ ಕರೆದೆ. “ಆಯ್ತು, ನೋಡುವ” ಎಂದು ಹೇಳಿ ಅದೇ ಬಸ್ಸಿನಲ್ಲಿ ಹಿಂದೆ ಹೋದರು. ‘ನೋಡುವ’ ಎಂದರೆ ನಮ್ಮ ಕಡೆ ಬರುವುದಿಲ್ಲ ಎಂದೇ ಅರ್ಥ.

ಮನೆಗೆ ಬಂದು ಕುಸಿದು ಕೂತೆ. “ಗುಂಪಿನಲ್ಲಿ ಎಲ್ಲರ ಕ್ಷಮೆ ಕೇಳಿಬಿಡುವ ವಸೂ. ಇಲ್ಲದಿದ್ದರೆ ಮಂಟಪದಲ್ಲಿ ನಾವು, ಬೀಗರು ಮತ್ತು ಭಟ್ರು ಮಾತ್ರ!”

“ಕ್ಷಮೆ ಎಂತಕ್ಕೆ?” ವಸುಮತಿ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. “ಎಲ್ಲರ ಮನೆಯಲ್ಲೂ ಇಂಥದ್ದೇ ಪಟ್ಟಿ ಉಂಟು. ಅವರ ಗಂಡಂದಿರು ಅದನ್ನು ಗುಂಪಿಗೆ ಹಾಕಿಲ್ಲ, ಅಷ್ಟೇ. ನಾನು ಯಾರೆದುರೂ ತಲೆ ತಗ್ಗಿಸುದಿಲ್ಲ. ನಾನೂರ ಹನ್ನೆರಡು ಮನೆಗೂ ನಾವೇ ಹೋಗುದು. ಕಾರು ನೀವು ಬಿಡುದು. ಬೆಲ್ಲವೂ ನೀವೇ ತಿನ್ನುದು.”

ಹೊರಟೆವು! ಮುರಳಿಯ ಅಂಗಡಿಯಿಂದ ತಂದ ಪ್ರಿಂಟು ಅವಳ ಮಡಿಲಲ್ಲಿ. (ಹೌದು, ಪ್ರಿಂಟು. ಊರುಗೋಲು.) ದಿನಕ್ಕೆ ಇಪ್ಪತ್ತು ಮನೆ. ಪ್ರತಿ ಮನೆಯಲ್ಲೂ ಬೆಲ್ಲ, ನೀರು ಮತ್ತು ಒಂದು ಕುಟುಕು. ನನ್ನ ಜನ್ಮದಲ್ಲಿ ನೋಡದ ಒಳದಾರಿಗಳಲ್ಲಿ ಕಾರು ಹಿಂದೆ ಮುಂದೆ ಮಾಡಿದೆ. ಹತ್ತು ದಿನಕ್ಕೆ ಬೆಲ್ಲ ಕಂಡರೆ ಹಲ್ಲು ತಾನಾಗಿ ಕಚ್ಚಿಕೊಳ್ಳತೊಡಗಿತು.

ಕಡಬದಲ್ಲಿ ದೇವಕಿ ಚಿಕ್ಕಮ್ಮ ತಟ್ಟೆ ಹಿಡಿದೇ ಬಂದರು. “ಕೂತ್ಕೊಳ್ಳಿ. ಫೋನಿನಲ್ಲಿ ಬೆಲ್ಲ ಕೊಡ್ಲಿಕ್ಕೆ ಆಗುದಿಲ್ಲ ನೋಡಿ.”

ನಾನು ನೆಲ ನೋಡಿದೆ. ವಸುಮತಿ ಗೋಡೆ ನೋಡಿದಳು. ಅಲ್ಲಿ ಕ್ಯಾಲೆಂಡರಿನ ಅಂಚಿನಲ್ಲಿ ಚಿಕ್ಕಮ್ಮ ತಮ್ಮ ಮೊಮ್ಮಗನ ಉಪನಯನಕ್ಕೆ ಕರೆಯುವವರ ಹೆಸರನ್ನು ಪೆನ್ಸಿಲಿನಲ್ಲಿ ಗೀಚಿಟ್ಟಿದ್ದರು. ‘ವಸುಮತಿ, ದರ್ಬೆ: ಬಂದಾಗ ಹೇಳಿದರಾಯಿತು.’

“ಬಂದಿದ್ದೇವಲ್ಲ ಚಿಕ್ಕಮ್ಮ, ಹೇಳಿ” ಎಂದಳು ವಸುಮತಿ.

ಚಿಕ್ಕಮ್ಮ ಒಮ್ಮೆ ಕ್ಯಾಲೆಂಡರನ್ನು, ಒಮ್ಮೆ ಇವಳನ್ನು ನೋಡಿದರು. ಆಮೇಲೆ ಇಬ್ಬರೂ ತಟ್ಟೆಯ ಬೆಲ್ಲ ಕುಣಿಯುವಷ್ಟು ನಕ್ಕರು. ಆ ನಗುವಿನ ಸುದ್ದಿ ನಮ್ಮ ಕಾರಿಗಿಂತ ಮುಂದೆ ಓಡಿತು. ಕಡಬ ದಾಟಿದ ಮೇಲೆ ಕುಟುಕು ಕಡಿಮೆಯಾಗಿ ಕಾಫಿ ಹೆಚ್ಚಾಯಿತು.

ಇಪ್ಪತ್ತೊಂದನೆಯ ದಿನ, ನಾನೂರ ಹನ್ನೆರಡನೆಯ ಮನೆ, ಅರಂತೋಡಿನ ಜಯಪ್ರಕಾಶರದು. ಗೇಟಿನ ತನಕ ಬಂದು ಕೈಹಿಡಿದರು. “ಮುನ್ನಾದಿನವೇ ಬರ್ತೇನೆ ಮಾರಾಯ್ರೆ. ತರಕಾರಿ ಹೆಚ್ಚಲಿಕ್ಕೆ ಕತ್ತಿ ನನ್ನದೇ ತರ್ತೇನೆ!”

ಕಾರು ಸುಳ್ಯದ ಕಡೆಗೆ ತಿರುಗಿದಾಗ ನನ್ನ ಎದೆ ಮತ್ತೆ ಉಬ್ಬಿತ್ತು. ಒಂದು ಮನೆ ತಪ್ಪಿರಲಿಲ್ಲ! ಹಾಗೆ ನೋಡಿದರೆ ಇದೆಲ್ಲ ನನ್ನಿಂದಲೇ ಆದದ್ದಲ್ಲವೇ? ಓರೆಗಣ್ಣಿನಿಂದ ವಸುಮತಿಯ ಮಡಿಲು ನೋಡಿದೆ. ಪಟ್ಟಿಯಲ್ಲಿ ಹಳೆಯ ಷರಾಗಳನ್ನೆಲ್ಲ ಹೊಡೆದುಹಾಕಿ ಪ್ರತಿ ಹೆಸರಿನ ಎದುರೂ ಪೆನ್ನಿನಲ್ಲಿ ‘ಮನೆ’ ಎಂದು ತಿದ್ದಿದ್ದಳು. ಕಟ್ಟಕಡೆಗೆ, ಅವಳ ಕೈಬರಹದಲ್ಲಿ, ನಾನೂರ ಹದಿಮೂರನೆಯ ಸಾಲು: ‘ರಾಮಪ್ರಸಾದ, ದರ್ಬೆ.’

ನನ್ನ ಹೆಸರು! ಅದರ ಷರಾದ ಮೇಲೆ ಅವಳ ಹೆಬ್ಬೆರಳಿತ್ತು.

“ವಸೂ, ಮದುಮಗಳ ಅಪ್ಪ ನಾನು. ಇಪ್ಪತ್ತೊಂದು ದಿನ ಕಾರು ಬಿಟ್ಟವನು, ಬೆಲ್ಲ ತಿಂದವನು. ನನ್ನ ಹೆಸರಿನ ಎದುರು ಎಂತ ಬರೆದಿದ್ದಿ?”

ಅವಳು ಪಟ್ಟಿಯನ್ನು ನಾಲ್ಕು ಮಡಿಕೆ ಮಾಡಿ ಬ್ಯಾಗಿಗೆ ಹಾಕಿ ಜಿಪ್ ಎಳೆದಳು. ಎದುರಿನ ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದಳು:

“ಸಿಕ್ಕಿದರೆ.”